ನಲಿ-ಕಲಿ ಕೊಠಡಿಗೆ ಯಾವ ಸಾಧನ: ಸ್ಪೀಕರ್, ಫೋನ್, ಟಿವಿ, ಟ್ಯಾಬ್‌ಗಳ ಹೋಲಿಕೆ

ಊರ ಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, “ಸಾರ್, ನಾವು ಐದಾರು ಮಂದಿ ಸೇರಿ ಒಂದಿಷ್ಟು ದುಡ್ಡು ಕೂಡಿಸಿದ್ದೇವೆ, ಒಂದನೇ ತರಗತಿಯಿಂದಲೇ ಸ್ಮಾರ್ಟ್ ಕ್ಲಾಸ್ ಮಾಡಿಸಿಬಿಡೋಣ” ಎನ್ನುವುದು ಈಗ ಅಪರೂಪವಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಆ ಮಾತು ಎತ್ತಿದ ಕೂಡಲೇ ಒಬ್ಬರು ದೊಡ್ಡ ಟಿವಿ ಎನ್ನುತ್ತಾರೆ, ಇನ್ನೊಬ್ಬರು ಪಕ್ಕದ ಕಾನ್ವೆಂಟಿನಲ್ಲಿರುವಂಥ, ಬೆರಳಿನಿಂದ ಮುಟ್ಟಿ ನಡೆಸುವ ದೊಡ್ಡ ಪರದೆಯ ಫಲಕವೇ ಆಗಬೇಕು ಎಂದು ಪಟ್ಟು ಹಿಡಿಯುತ್ತಾರೆ, ಮತ್ತೊಬ್ಬರು ಮಗುವಿಗೊಂದು ಟ್ಯಾಬ್ ಎನ್ನುತ್ತಾರೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿಯೇ ನಲಿ-ಕಲಿ; ಆ ಕೊಠಡಿಯಲ್ಲಿ ದಿನವಿಡೀ ನಿಲ್ಲುವ ನಲಿ-ಕಲಿ ಶಿಕ್ಷಕಿಯನ್ನು ಕೇಳುವುದು ಸಾಮಾನ್ಯವಾಗಿ ಕೊನೆಗೆ, ಅದೂ ಸಾಮಾನು ಬಂದು ಗೋಡೆಗೆ ಮೊಳೆ ಹೊಡೆಯುವ ದಿನ.

ಈ ಬರಹ ಅಂಥ ಸಭೆಗೆ ಹೋಗುವ ಮುನ್ನ ಓದಿಕೊಳ್ಳುವುದಕ್ಕಾಗಿ. ಇದು ಸರ್ಕಾರಿ ಕನ್ನಡ ಮಾಧ್ಯಮ ಶಾಲೆಯ ಒಂದರಿಂದ ಮೂರನೇ ತರಗತಿಯವರೆಗಿನ ಕೊಠಡಿಗೆ ಮಾತ್ರ ಸೀಮಿತ. ಏಳನೇ ತರಗತಿಗೆ ಒಪ್ಪುವ ಸಾಧನ ಒಂದನೇ ತರಗತಿಗೂ ಒಪ್ಪುತ್ತದೆ ಎಂದುಕೊಂಡು ಕೆಟ್ಟ ಖರೀದಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಹಲವು ವರ್ಷ ನಲಿ-ಕಲಿ ತರಗತಿ ನಡೆಸಿ, ಆಮೇಲೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ (ಸಿಆರ್‌ಪಿ) ಸುತ್ತಲಿನ ಕ್ಲಸ್ಟರಿನ ಶಾಲೆಗಳನ್ನು ಸುತ್ತಿದವಳಾದ್ದರಿಂದ, ಇಲ್ಲಿನ ತೀರ್ಮಾನಗಳಲ್ಲಿ ನನ್ನ ಪಕ್ಷಪಾತವೂ ಇದೆ. ಅದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬಹುದು.

ಮೊದಲು ಕೊಠಡಿಯನ್ನು ನೋಡಬೇಕು

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ, ಆಂಧ್ರದ ಋಷಿವ್ಯಾಲಿ ಶಾಲೆಯ ಮಾದರಿಯನ್ನು ನೋಡಿಬಂದ ಶಿಕ್ಷಕರ ಕೈಯಲ್ಲಿ ರೂಪುಗೊಂಡ ನಲಿ-ಕಲಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಆದರೆ ತರಗತಿವಾರು ಸಾಲಿನಲ್ಲಲ್ಲ, ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಯಾರು ಎಷ್ಟು ಮೆಟ್ಟಿಲು ಹತ್ತಿದ್ದಾರೆ ಎಂಬುದನ್ನು ನೋಡಿಕೊಂಡು ತಟ್ಟೆಗಳಲ್ಲಿ, ಅಂದರೆ ಸಣ್ಣ ಗುಂಪುಗಳಲ್ಲಿ. ಶಿಕ್ಷಕಿಯ ಪೂರ್ಣ ಬೆಂಬಲ ಬೇಕಾದವರ ತಟ್ಟೆ ಒಂದು ಮೂಲೆಯಲ್ಲಿ, ಜೊತೆಗಾರನ ನೆರವಿನಿಂದ ಓದುವವರು ಇನ್ನೊಂದು ಕಡೆ, ತಾವೇ ಅಭ್ಯಾಸ ಮಾಡುವವರು ಗೋಡೆಯ ಕೆಳಭಾಗದಲ್ಲಿ ಬಳಿದ ಕಪ್ಪುಹಲಗೆಯ ಮುಂದೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಕತ್ತರಿಸಿದ ಕಾಗದದ ಮೀನು, ಹಕ್ಕಿಗಳು. ಟ್ರೇಗಳಲ್ಲಿ ಏಣಿಯ ಒಂದೊಂದು ಮೆಟ್ಟಿಲಿನ ಚಟುವಟಿಕೆಯ ಕಾರ್ಡುಗಳು.

ಇಂಥ ಕೊಠಡಿಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಎದುರಾಗಿ ಕೂತಿರುತ್ತಾರೆ, ಎಲ್ಲರ ಮುಖವೂ ಒಂದೇ ಗೋಡೆಯ ಕಡೆ ಇರುವುದಿಲ್ಲ. ಮೂವತ್ತು ಮಕ್ಕಳನ್ನೂ ಒಂದೇ ಗೋಡೆಯ ಕಡೆಗೆ ತಿರುಗಿಸಿ ನಲವತ್ತು ನಿಮಿಷ ಕೂರಿಸುವ ಸಾಧನ ಎಷ್ಟೇ ದುಬಾರಿಯದಾದರೂ ಈ ಪದ್ಧತಿಯ ಬುಡವನ್ನೇ ಅಲುಗಿಸುತ್ತದೆ. ಟಿವಿಯಾಗಲಿ ಟ್ಯಾಬಾಗಲಿ, ಹೋಲಿಕೆಯಲ್ಲಿ ನಾನು ಮೊದಲು ಕೇಳುವುದು ಇದನ್ನೇ: ಇದು ತಟ್ಟೆಗಳನ್ನು ಉಳಿಸುತ್ತದೆಯೇ, ಒಡೆಯುತ್ತದೆಯೇ?

ಎರಡನೆಯದು ಅಕ್ಷರಗಳ ಅನುಕ್ರಮ. ನಲಿ-ಕಲಿಯ ಮಗು ಅ, ಆ, ಇ, ಈ ಎಂದು ಶುರುಮಾಡುವುದಿಲ್ಲ. ಮೊದಲಿಗೆ ಬರುವುದು ರ, ಗ, ಸ, ದ, ಅ. ಬರೆಯಲು ಸುಲಭವಾದ, ಒಂದಕ್ಕೊಂದು ಆಕಾರದಲ್ಲಿ ಹತ್ತಿರವಿರುವ, ಕೂಡಿಸಿದರೆ ಕೂಡಲೇ ಪದವಾಗುವ ಅಕ್ಷರಗಳು ಇವು: ಸರ, ಅರಸ, ಅಗಸ, ಗರಗಸ. ಆರು ವರ್ಷದ ಮಗು ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ “ಗರಗಸ” ಎಂದು ತಾನೇ ಓದಿ ಸುತ್ತ ನೋಡುವ ನೋಟವಿದೆಯಲ್ಲ, ನಲಿ-ಕಲಿ ನಿಂತಿರುವುದು ಅದರ ಮೇಲೆ. ಪೇಟೆಯಲ್ಲಿ ಸಿಗುವ ಕನ್ನಡ ಕಲಿಕೆಯ ಆ್ಯಪ್ ಮತ್ತು ವಿಡಿಯೊಗಳಲ್ಲಿ ಹೆಚ್ಚಿನವು ವರ್ಣಮಾಲೆಯ ಅನುಕ್ರಮದಲ್ಲೇ ಸಾಗುತ್ತವೆ. “ಅ” ತೋರಿಸಿ ಅಳಿಲಿನ ಚಿತ್ರ ಹಾಕುತ್ತವೆ. ಅ ಗೊತ್ತಿರುವ ಮಗುವಿಗೆ ಳಿ ಗೊತ್ತಿಲ್ಲ, ಲು ಗೊತ್ತಿಲ್ಲ. ಅದು ಚಿತ್ರ ನೋಡಿ “ಅಳಿಲು” ಎನ್ನುತ್ತದೆ, ಓದುವುದಿಲ್ಲ. ತೋರಿಕೆಗೆ ಎರಡೂ ಒಂದೇ ಥರ ಕಾಣುವುದರಿಂದ ದಾನಿಗಳಿಗೆ ವ್ಯತ್ಯಾಸ ಹೊಳೆಯುವುದಿಲ್ಲ. ಸಾಧನದ ಬೆಲೆ ಕೇಳುವ ಮೊದಲು ಅದರೊಳಗಿನ ಪಾಠ ಯಾವ ಅಕ್ಷರದಿಂದ ಶುರುವಾಗುತ್ತದೆ ಎಂದು ಕೇಳುವುದು ಆದ್ದರಿಂದಲೇ ಅಗತ್ಯ.

ಸ್ಪೀಕರ್: ಕಡಿಮೆ ದುಡ್ಡು, ಹೆಚ್ಚು ಕೆಲಸ

ಒಂದೆರಡು ಸಾವಿರ ರೂಪಾಯಿಯ, ಬ್ಯಾಟರಿ ಇರುವ, ಮೆಮೊರಿ ಕಾರ್ಡ್ ಹಾಕಲು ಬರುವ ಸಣ್ಣ ಬ್ಲೂಟೂತ್ ಸ್ಪೀಕರ್ ನನ್ನ ಮೊದಲ ಆಯ್ಕೆ. ಸಭೆಯಲ್ಲಿ ಇದನ್ನು ಹೇಳಿದರೆ ಎಲ್ಲರ ಮುಖ ಬಾಡುತ್ತದೆ. ಉದ್ಘಾಟನೆಗೆ ರಿಬ್ಬನ್ ಕತ್ತರಿಸುವಂಥ ವಸ್ತು ಇದಲ್ಲ, ನಿಜ.

ಆದರೆ ಸಣ್ಣ ಮಕ್ಕಳ ತರಗತಿಯಲ್ಲಿ ಧ್ವನಿಯ ಮೂಲಕ ಕಲಿಸಿದ ಅನುಭವಕ್ಕೆ ಉದ್ದನೆಯ ಇತಿಹಾಸವಿದೆ. 1970ರ ದಶಕದಲ್ಲಿ ನಿಕರಾಗುವಾ ದೇಶದಲ್ಲಿ ಒಂದನೇ ತರಗತಿಯ ಗಣಿತವನ್ನೇ ರೇಡಿಯೊ ಮೂಲಕ ಕಲಿಸಿ, ಮಕ್ಕಳು ಚೆನ್ನಾಗಿ ಕಲಿತದ್ದನ್ನು ದಾಖಲಿಸಿದರು. ಅಲ್ಲಿ ಬಳಸಿದ ಉಪಾಯ ಸರಳ: ರೇಡಿಯೊ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ, ಆ ಮೌನದಲ್ಲಿ ಮಕ್ಕಳು ಗಟ್ಟಿಯಾಗಿ ಉತ್ತರಿಸುತ್ತಾರೆ, ಎದ್ದು ಕುಣಿಯುತ್ತಾರೆ, ಕಲ್ಲು ಎಣಿಸುತ್ತಾರೆ, ಆಮೇಲೆ ರೇಡಿಯೊ ಮುಂದುವರಿಯುತ್ತದೆ. ನಮ್ಮಲ್ಲೂ ಆಕಾಶವಾಣಿಯ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’ ಕಾರ್ಯಕ್ರಮಗಳನ್ನು ಶಾಲೆಗಳಲ್ಲಿ ಹಾಕುತ್ತಿದ್ದ ಕಾಲವನ್ನು ಈಗಿನ ಹಿರಿಯ ಶಿಕ್ಷಕರು ನೆನಪಿಟ್ಟುಕೊಂಡಿದ್ದಾರೆ. ರೇಡಿಯೊಕ್ಕಿದ್ದ ಒಂದೇ ದೊಡ್ಡ ಕೊರತೆ ಹೊತ್ತಿನದು: ಪ್ರಸಾರ ಶುರುವಾದಾಗ ಮಕ್ಕಳು ಹಾಲಿನ ಲೋಟ ಹಿಡಿದಿದ್ದರೆ ಮುಗಿಯಿತು. ಮೆಮೊರಿ ಕಾರ್ಡಿಗೆ ಆ ತೊಂದರೆಯಿಲ್ಲ. ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ನಾಳೆ ಮತ್ತೆ ಹಾಕಬಹುದು.

ಧ್ವನಿಗೆ ಇರುವ ಇನ್ನೊಂದು ಅನುಕೂಲವೆಂದರೆ ಮಗುವಿನ ಕಣ್ಣು, ಕೈಗಳು ಬಿಡುವಾಗಿರುತ್ತವೆ. ಕಥೆ ಕೇಳುತ್ತಲೇ ಮಣ್ಣಿನಲ್ಲಿ ಆನೆ ಮಾಡಬಹುದು, ಅಭಿನಯ ಗೀತೆಗೆ ಎದ್ದು ಕುಣಿಯಬಹುದು. ಮನೆಯಲ್ಲಿ ಲಂಬಾಣಿ, ತುಳು, ಉರ್ದು ಆಡುವ ಮಕ್ಕಳಿರುವ ಶಾಲೆಯಲ್ಲಿ ಇದರ ಉಪಯೋಗ ದುಪ್ಪಟ್ಟು. ತಾಂಡಾದ ಶಾಲೆಯೊಂದರಲ್ಲಿ ಶಿಕ್ಷಕಿಯೊಬ್ಬರು ಮಗುವಿನ ಅಜ್ಜಿಯಿಂದ ಲಂಬಾಣಿಯಲ್ಲಿ ಒಂದು ಕಥೆ ಹೇಳಿಸಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಅದನ್ನು ಮೊದಲು ಕೇಳಿಸಿ, ಆಮೇಲೆ ಅದೇ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅದುವರೆಗೆ ಬಾಯಿ ಬಿಡದ ಹುಡುಗಿಯೊಬ್ಬಳು “ನಮ್ಮವ್ವ ಹೇಳೋದೇ ಬೇರೆ ಥರ” ಎಂದು ಎದ್ದು ನಿಂತಳು. ಆ ತರಗತಿಯಲ್ಲಿ ತಂತ್ರಜ್ಞಾನಕ್ಕೆ ಆದ ಖರ್ಚು ಏನೂ ಇಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಒಂದೇ. ಅಂಗಡಿಯವರು ಹಾಡು ಹಾಕಿ, ಬೇಸ್ ಎಷ್ಟು ಚೆನ್ನಾಗಿದೆ ನೋಡಿ ಎನ್ನುತ್ತಾರೆ. ಶಾಲೆಗೆ ಬೇಸ್ ಬೇಕಿಲ್ಲ. ಸ, ಶ, ಷ, ತ, ಚ ಮುಂತಾದ ವ್ಯಂಜನಗಳು ಕಿವಿಗೆ ಬಿಡಿಯಾಗಿ ಕೇಳುವುದು ಧ್ವನಿಯ ಮೇಲ್ಸ್ತರದಲ್ಲಿ. ಡಬಡಬ ಎನ್ನುವ ಸ್ಪೀಕರಿನಲ್ಲಿ ಅವೇ ಮಸುಕಾಗುತ್ತವೆ. ಯಾರಾದರೂ ಮಾತಾಡಿದ ಕನ್ನಡದ ಧ್ವನಿಮುದ್ರಿಕೆಯನ್ನು ಹಾಕಿಸಿ, ಕಣ್ಣು ಮುಚ್ಚಿ, “ಹಲ್ಲಿ” ಮತ್ತು “ಹಳ್ಳಿ” ಬೇರೆಯಾಗಿ ಕೇಳುತ್ತವೆಯೇ ಎಂದು ನೋಡಿದರೆ ಸಾಕು. ತಗಡಿನ ಸೂರು, ಬರಿಯ ಗೋಡೆಗಳ ಕೊಠಡಿಯಲ್ಲಿ ಮಾತು ಪ್ರತಿಧ್ವನಿಸುತ್ತದೆ. ಮೂಲೆಯಲ್ಲಿಟ್ಟು ಜೋರು ಮಾಡುವ ಬದಲು ಮಕ್ಕಳ ನಡುವೆಯೇ ಇಟ್ಟು ಸಣ್ಣಗೆ ಹಾಕುವುದು ಮೇಲು.

ಶಿಕ್ಷಕಿಯ ಫೋನ್: ಈಗಾಗಲೇ ಇರುವ ಸಾಧನ

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ದೀಕ್ಷಾ ಎಂಬ ಆನ್‌ಲೈನ್ ವೇದಿಕೆಯ ಪಾಠಗಳನ್ನು ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡಬಹುದು, ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಇದು ಅನುಕೂಲವೇ. ಆದರೆ ಐದೂವರೆ ಇಂಚು ಆರು ಇಂಚಿನ ಪರದೆಯನ್ನು ಒಂದು ತಟ್ಟೆಯ ನಾಲ್ಕೈದು ಮಕ್ಕಳಿಗಿಂತ ಹೆಚ್ಚು ಮಂದಿಗೆ ತೋರಿಸಲಾಗದು; ತೋರಿಸಹೊರಟರೆ ನೂಕಾಟ.

ಫೋನಿನ ನಿಜವಾದ ಬೆಲೆ ಅದು ತೋರಿಸುವುದರಲ್ಲಿಲ್ಲ, ಹಿಡಿದಿಟ್ಟುಕೊಳ್ಳುವುದರಲ್ಲಿದೆ ಎಂಬುದು ನನ್ನ ಅನಿಸಿಕೆ. ತಿಂಗಳಿಗೊಮ್ಮೆ ಪ್ರತಿ ಮಗುವಿನಿಂದಲೂ ಒಂದು ನಿಮಿಷ ಓದಿಸಿ ಧ್ವನಿ ಮುದ್ರಿಸಿಟ್ಟುಕೊಂಡರೆ, ಜುಲೈ ತಿಂಗಳಲ್ಲಿ “ಸ…ರ… ಸರ” ಎನ್ನುತ್ತಿದ್ದ ಹುಡುಗ ಡಿಸೆಂಬರಿನಲ್ಲಿ ಒತ್ತಕ್ಷರದ ಮುಂದೆ ಎಲ್ಲಿ ಎಡವುತ್ತಾನೆ ಎಂಬುದು ಮಕ್ಕಳ ಕಲಿಕೆಯನ್ನು ಗುರುತು ಹಾಕಿಡುವ ಪ್ರಗತಿ ನೋಟ ಪಟ್ಟಿಗಿಂತ ಸ್ಪಷ್ಟವಾಗಿ ತಿಳಿಯುತ್ತದೆ. “ಅಕ್ಕ” ಎಂಬುದನ್ನು “ಅಕ” ಎಂದೇ ಓದುವ ಮಗುವಿಗೆ ತನ್ನ ಧ್ವನಿಯನ್ನೇ ಕೇಳಿಸಿದರೆ ತಪ್ಪು ತಾನಾಗಿ ಹೊಳೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ತಾಯಂದಿರ ಸಭೆಯಲ್ಲಿ ಜುಲೈ, ಡಿಸೆಂಬರಿನ ಈ ಎರಡು ಧ್ವನಿಗಳನ್ನು ಒಂದರ ಹಿಂದೊಂದು ಕೇಳಿಸಿದರೆ ಅಂಕಪಟ್ಟಿ ತೋರಿಸುವ ಕೆಲಸವೇ ಇರುವುದಿಲ್ಲ.

ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಫೋನ್ ಶಿಕ್ಷಕಿಯದು, ಡೇಟಾ ಶಿಕ್ಷಕಿಯದು, ಹಾಜರಾತಿ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿಯ ಎಸ್‌ಎಟಿಎಸ್ ತಂತ್ರಾಂಶದ ನಮೂದು, ಇಲಾಖೆಯ ಗುಂಪಿನ ಸಂದೇಶಗಳು ಎಲ್ಲವೂ ಅದೇ ಫೋನಿಗೆ. ಪಾಠದ ನಡುವೆ ಕರೆ ಬಂದರೆ ತಟ್ಟೆ ಒಡೆಯಿತೆಂದೇ ಲೆಕ್ಕ. ದಾನಿಗಳು ಶಾಲೆಯ ಹೆಸರಿನಲ್ಲಿ, ಸಿಮ್ ಇಲ್ಲದ ಒಂದು ಸಾಧಾರಣ ಫೋನನ್ನು ಕೊಡಿಸುವುದು ಟಿವಿಗಿಂತ ದೊಡ್ಡ ಉಪಕಾರ. ಎರಡನೆಯದು ಮಕ್ಕಳ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಮಗುವಿನ ಹೆಸರು, ಫೋಟೊ, ಪೋಷಕರ ಮೊಬೈಲ್ ಸಂಖ್ಯೆ ಕೊಡದೆ ತೆರೆದುಕೊಳ್ಳದ ಆ್ಯಪ್‌ಗಳನ್ನು ಒಂದನೇ ತರಗತಿಯಿಂದ ದೂರವಿಡುವುದೇ ಲೇಸು. ಮುದ್ರಿಸಿದ ಧ್ವನಿ ಶಾಲೆಯ ಫೋನಿನಲ್ಲೇ ಇರಲಿ, ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವುದು ಬೇಡ.

ಟಿವಿ, ಪ್ರೊಜೆಕ್ಟರ್, ಮುಟ್ಟುವ ಫಲಕ

ಸಭೆಯಲ್ಲಿ ಜಗಳವಾಗುವುದು ಈ ಮೂರರ ನಡುವೆ. ಮೂರೂ ಮಾಡುವ ಕೆಲಸ ಒಂದೇ, ದೊಡ್ಡದಾಗಿ ತೋರಿಸುವುದು; ವ್ಯತ್ಯಾಸವಿರುವುದು ಬೆಳಕು, ಕರೆಂಟು ಮತ್ತು ಬೆಲೆಯಲ್ಲಿ.

ಪ್ರೊಜೆಕ್ಟರಿನ ಬಗ್ಗೆ ಒಂದು ಬೆಳಗಿನ ಅನುಭವ ಸಾಕು. ಹನ್ನೊಂದು ಗಂಟೆ, ಪೂರ್ವದ ಕಿಟಕಿಗಳಿಂದ ಬಿಸಿಲು ಒಳಗೆ ಬೀಳುತ್ತಿತ್ತು. ಗೋಡೆಯ ಮೇಲೆ ಅಕ್ಷರಗಳ ಪಾಠ ನಡೆಯುತ್ತಿತ್ತು. ಹಿಂದಿನ ಚಾಪೆಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತು ನೋಡಿದಾಗ ಬ ಮತ್ತು ಭ ನನಗೇ ಒಂದೇ ಥರ ಕಾಣುತ್ತಿದ್ದವು. ಕನ್ನಡದಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ವ್ಯತ್ಯಾಸ ಹಲವೆಡೆ ಅಕ್ಷರದ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು: ದ–ಧ, ಡ–ಢ, ಬ–ಭ. ಬೆಳಕು ತೆಳುವಾದ ಪರದೆಯಲ್ಲಿ ಮೊದಲು ಅಳಿಸಿಹೋಗುವುದು ಆ ಸೀಳೇ. ಒತ್ತಕ್ಷರಗಳ ಗತಿಯೂ ಅಷ್ಟೆ. ಅವು ಮೂಲಾಕ್ಷರಕ್ಕಿಂತ ಚಿಕ್ಕವು, ಸಾಲಿನ ಕೆಳಗೆ ಇಳಿಯುವಂಥವು. ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ತೋರಿಸಿ “ಎಷ್ಟು ಸ್ಪಷ್ಟ ನೋಡಿ” ಎನ್ನುವ ಮಾರಾಟಗಾರರಿಗೆ ಇದು ತಿಳಿದಿರುವುದಿಲ್ಲ. ಕಿಟಕಿ ಮುಚ್ಚಿ ಕತ್ತಲು ಮಾಡಿದರೆ ಚಿತ್ರ ಚೆನ್ನಾಗಿ ಕಾಣುತ್ತದೆ. ಆದರೆ ಆ ಕತ್ತಲಲ್ಲಿ ಉಳಿದ ತಟ್ಟೆಗಳ ಮಕ್ಕಳು ಕಾರ್ಡು ಓದಲಾರರು, ಕೆಲವರು ನಿದ್ದೆಯೇ ಹೋಗುತ್ತಾರೆ. ಜೊತೆಗೆ ದೀಪದ ಪ್ರೊಜೆಕ್ಟರ್ ಸಾಮಾನ್ಯವಾಗಿ 250ರಿಂದ 300 ವ್ಯಾಟ್ ಎಳೆಯುತ್ತದೆ, ಕೆಲವು ಸಾವಿರ ಗಂಟೆಗಳಲ್ಲಿ ದೀಪ ಮಂಕಾಗುತ್ತದೆ, ದೀಪದ ಬೆಲೆ ಕೇಳಿದವರು ಮತ್ತೆ ಹಾಕಿಸುವುದಿಲ್ಲ. ನಲಿ-ಕಲಿ ಕೊಠಡಿಗೆ ಪ್ರೊಜೆಕ್ಟರ್ ಬೇಡವೆಂದು ನಾನು ಖಚಿತವಾಗಿಯೇ ಹೇಳುತ್ತೇನೆ.

43 ಇಂಚಿನ ಸಾಧಾರಣ ಎಲ್‌ಇಡಿ ಟಿವಿ ಹಗಲು ಬೆಳಕಿನಲ್ಲೂ ಕಾಣುತ್ತದೆ, ಸಾಮಾನ್ಯವಾಗಿ 100 ವ್ಯಾಟ್ ಒಳಗೆ ನಡೆಯುತ್ತದೆ, ಆದ್ದರಿಂದ ಮನೆಯಲ್ಲಿ ಬಳಸುವ ಯುಪಿಎಸ್ಸೇ ಸಾಕು. ಪೆನ್‌ಡ್ರೈವ್ ಹಾಕುವ ಕಿಂಡಿ ಇರಬೇಕು. ಇಂಟರ್ನೆಟ್ ಸಂಪರ್ಕ ಕೊಡುವ ಅಗತ್ಯವಿಲ್ಲ, ಕೊಟ್ಟರೆ ಪದ್ಯ ಮುಗಿದ ಮರುಕ್ಷಣ ಯಾವ ಜಾಹೀರಾತು ಬರುತ್ತದೋ ಹೇಳಲಾಗದು. ಗೋಡೆಗೆ ಹಾಕುವಾಗ ಕೆಲಸಗಾರರು ತಮ್ಮ ಕಣ್ಣಿನ ಎತ್ತರಕ್ಕೆ ಹಾಕಿ ಹೋಗುತ್ತಾರೆ. ನೆಲದ ಮೇಲೆ ಕೂತ ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಎರಡಡಿ ಎತ್ತರದಲ್ಲಿರುತ್ತದೆ. ಪರದೆಯ ಕೆಳ ಅಂಚು ಮಗು ನಿಂತರೆ ಕೈಗೆ ಎಟುಕದಷ್ಟು, ಕೂತರೆ ಕತ್ತು ನೋಯದಷ್ಟು ಎತ್ತರದಲ್ಲಿದ್ದರೆ ಸರಿ.

ಟಿವಿಯನ್ನು ಹೇಗೆ ಬಳಸಬೇಕು ಎಂಬುದಕ್ಕೆ ಒಂದು ಒಳ್ಳೆಯ ದಾರಿಯಿದೆ. ಹಾಡಿನ ಸಾಲುಗಳನ್ನು ಅದೇ ಭಾಷೆಯಲ್ಲಿ ಪರದೆಯ ಕೆಳಗೆ ತೋರಿಸುವ ಕ್ರಮವನ್ನು ಸಂಶೋಧಕ ಬ್ರಿಜ್ ಕೊಠಾರಿಯವರು 1990ರ ದಶಕದಲ್ಲಿ ಅಹಮದಾಬಾದಿನಲ್ಲಿ ರೂಪಿಸಿದರು. ದೂರದರ್ಶನದ ಚಿತ್ರಗೀತೆಗಳ ಕಾರ್ಯಕ್ರಮಗಳಲ್ಲಿ ಅದು ಬಳಕೆಗೆ ಬಂದಿತು. ಬಾಯಿಗೆ ಬರುವ ಹಾಡಿನ ಪದಗಳು ಕಣ್ಣ ಮುಂದೆ ಬರಹವಾಗಿ ಹರಿದಾಗ ಓದು ತಾನಾಗಿಯೇ ಅಂಟಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ಯೋಚನೆ. ಎರಡು, ಮೂರನೇ ತರಗತಿಯ ಮಕ್ಕಳಿಗೆ ಕಂಠಪಾಠವಾಗಿರುವ ಶಿಶುಗೀತೆಯೊಂದನ್ನು ಕನ್ನಡದ ಅಡಿಬರಹದೊಂದಿಗೆ ಹಾಕಿ, ಎರಡನೇ ಸಲ ಧ್ವನಿ ನಿಲ್ಲಿಸಿ, ಬರಹ ನೋಡಿಕೊಂಡು ಅವರೇ ಹಾಡುವಂತೆ ಮಾಡಿ ನೋಡಿ. ಹತ್ತು ನಿಮಿಷದ ಕೆಲಸ ಇದು. ಶಾಲೆಯ ಫೋನಿನ ಕ್ಯಾಮೆರಾವನ್ನು ಟಿವಿಗೆ ಜೋಡಿಸಿ ಒಂದೇ ಪ್ರತಿಯಿರುವ ಚಿತ್ರಪುಸ್ತಕವನ್ನು ಎಲ್ಲರಿಗೂ ಪುಟ ತಿರುವಿ ತೋರಿಸುವುದು ಇನ್ನೊಂದು ಒಳ್ಳೆಯ ಬಳಕೆ. ಅದು ಬಿಟ್ಟು ಅರ್ಧ ಗಂಟೆಯ ಪಾಠದ ವಿಡಿಯೊ ಹಾಕಿ ಶಿಕ್ಷಕಿ ದಾಖಲೆ ಬರೆಯಲು ಕೂತರೆ, ಟಿವಿ ಕೂಸು ಆಡಿಸುವ ಕೆಲಸಕ್ಕೆ ಇಳಿಯುತ್ತದೆ. ಅದಕ್ಕೆ ಶಿಕ್ಷಕಿಯನ್ನು ದೂರುವ ಮೊದಲು ಆ ದಾಖಲೆಗಳನ್ನು ಕೇಳಿದವರು ಯಾರು ಎಂದೂ ನೋಡಬೇಕು.

ಉಪಗ್ರಹದ ಮೂಲಕ ಪಾಠ ತಲುಪಿಸುವ ಯತ್ನವೂ ನಮ್ಮಲ್ಲಿ ಆಗಿದೆ. 2004ರಲ್ಲಿ ಹಾರಿದ ಎಜುಸ್ಯಾಟ್‌ನ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಬರುತ್ತಿದ್ದವು. ರೇಡಿಯೊದ ಪಾಠವೇ ಇಲ್ಲಿಯೂ ಅನ್ವಯಿಸುತ್ತದೆ: ಮೇಲಿನಿಂದ ಗೊತ್ತಾದ ಹೊತ್ತಿಗೆ ಬರುವ ಪಾಠ ಕೆಳಗಿನ ಮಗುವಿಗಾಗಿ ನಿಲ್ಲುವುದಿಲ್ಲ. ಆದ್ದರಿಂದ ನೇರ ಪ್ರಸಾರಕ್ಕಿಂತ ಕೈಯಲ್ಲಿರುವ ಪೆನ್‌ಡ್ರೈವ್ ನಲಿ-ಕಲಿಗೆ ಹೆಚ್ಚು ಹೊಂದುತ್ತದೆ.

ಮುಟ್ಟುವ ಫಲಕದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಬೆಲೆ ಲಕ್ಷ ದಾಟುತ್ತದೆ. ಒಂದು ಮಗು ಮುಂದೆ ಬಂದು ಮುಟ್ಟುವಾಗ ಇಪ್ಪತ್ತೊಂಬತ್ತು ಮಕ್ಕಳು ತಮ್ಮ ಸರದಿಗೆ ಕಾಯುತ್ತಾರೆ. ಗೋಡೆಯ ಕೆಳಗಿನ ಕಪ್ಪುಹಲಗೆಯಲ್ಲಾದರೆ ಹತ್ತು ಮಕ್ಕಳು ಒಟ್ಟಿಗೆ ಬರೆಯುತ್ತಾರೆ. ಫಲಕ ಹಾಕುವ ಜಾಗಕ್ಕಾಗಿ ಆ ಕಪ್ಪುಹಲಗೆಯನ್ನು ಬಿಳಿ ಬಣ್ಣ ಬಳಿದು ಅಳಿಸಿದ ಶಾಲೆಯೊಂದನ್ನು ಕಂಡು ನನಗೆ ಸಿಟ್ಟೇ ಬಂದಿತ್ತು.

ಟ್ಯಾಬ್: ಮಗುವಿಗೊಂದಲ್ಲ, ಇಬ್ಬರಿಗೊಂದು

ಮಗುವಿಗೊಂದು ಸಾಧನ ಎಂಬ ಕನಸಿಗೆ ಲೋಕದಲ್ಲಿ ದೊಡ್ಡ ಪ್ರಯೋಗವೇ ನಡೆದಿದೆ. ಪೆರು ದೇಶ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಶಾಲಾ ಮಕ್ಕಳಿಗೆ ಹಂಚಿತು. 2012ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಇದಕ್ಕೆ ಎದುರಾಗಿ ಮಾರಾಟಗಾರರು ಸಾಮಾನ್ಯವಾಗಿ ದೆಹಲಿಯ ಅಧ್ಯಯನವೊಂದನ್ನು ಮುಂದಿಡುತ್ತಾರೆ: ಮಗುವಿನ ಮಟ್ಟಕ್ಕೆ ತಕ್ಕಂತೆ ಪ್ರಶ್ನೆ ಕೊಡುವ ತಂತ್ರಾಂಶದಿಂದ ಗಣಿತ ಮತ್ತು ಹಿಂದಿಯಲ್ಲಿ ಒಳ್ಳೆಯ ಪ್ರಗತಿಯಾಯಿತು ಎಂದು. ಆ ಮಾತು ನಿಜ. ಆದರೆ ಆ ಮಕ್ಕಳು 6ರಿಂದ 9ನೇ ತರಗತಿಯವರು, ಶಾಲೆಯ ಹೊತ್ತಿನ ಆಚೆ ಕೇಂದ್ರಕ್ಕೆ ಬರುತ್ತಿದ್ದವರು, ಜೊತೆಗೆ ಸಣ್ಣ ಗುಂಪಿನಲ್ಲಿ ಅವರಿಗೆ ಪಾಠ ಮಾಡುವವರೂ ಇದ್ದರು. ಇನ್ನೂ ಅಕ್ಷರ ಕೂಡಿಸುತ್ತಿರುವ ಆರು ವರ್ಷದ ಮಗುವಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಟ್ಯಾಬಿನ ಮುಂದೆ ಕೂತ ಒಬ್ಬ ಹುಡುಗನನ್ನು ಹತ್ತು ನಿಮಿಷ ಪಕ್ಕದಲ್ಲೇ ಕೂತು ನೋಡಿದೆ. ಪರದೆಯಲ್ಲಿ “ಮರ” ಎಂಬ ಪದ, ಕೆಳಗೆ ನಾಲ್ಕು ಚಿತ್ರ. ಅವನು ಪದ ನೋಡಲೇ ಇಲ್ಲ. ಎಡದಿಂದ ಶುರುಮಾಡಿ ಒಂದೊಂದೇ ಚಿತ್ರ ಒತ್ತುತ್ತಾ ಹೋದ; ಮೂರನೆಯದಕ್ಕೆ ಟಣ್ ಎಂದು ನಕ್ಷತ್ರ ಬಂತು. ಮುಂದಿನ ಪದಕ್ಕೂ ಅದೇ ವಿದ್ಯೆ. ಹತ್ತು ನಿಮಿಷ ಮುಗಿಯುವಾಗ ಇಪ್ಪತ್ತು ನಕ್ಷತ್ರ ಅವನ ಹೆಸರಿನಲ್ಲಿದ್ದವು, ವರದಿಯಲ್ಲಿ ಎಲ್ಲವೂ ಸರಿಯುತ್ತರ. ಸ್ಲೇಟು ಕೊಟ್ಟು “ಮರ” ಬರೆ ಎಂದರೆ ಮ ಬರೆದು ನನ್ನ ಮುಖ ನೋಡಿದ. ಆ ಹುಡುಗ ಜಾಣ, ಆ್ಯಪ್ ಕೇಳಿದ್ದನ್ನಷ್ಟೇ ಕೊಟ್ಟಿದ್ದ. ಆದ್ದರಿಂದ ಆ್ಯಪ್ ಆರಿಸುವಾಗ ಸರಿಯುತ್ತರ ಕೊಟ್ಟರೆ ಏನಾಗುತ್ತದೆ ಎಂದು ನೋಡುವುದಕ್ಕಿಂತ ಬೇಕೆಂದೇ ನಾಲ್ಕೈದು ಸಲ ತಪ್ಪು ಒತ್ತಿ ನೋಡಬೇಕು. ಸುಮ್ಮನೆ ಮತ್ತೆ ಒತ್ತಲು ಬಿಡುತ್ತದೆಯೇ, ಪದವನ್ನು ಬಿಡಿಸಿ ಕೇಳಿಸುತ್ತದೆಯೇ, ಸುಲಭದ ಪದಕ್ಕೆ ಇಳಿಯುತ್ತದೆಯೇ?

ಬರವಣಿಗೆಗಂತೂ ಗಾಜಿನ ಪರದೆ ಸ್ಲೇಟಿಗೆ ಸಮವಲ್ಲ. ಬಳಪ ಹಿಡಿದು ಒತ್ತಿದರೆ ಕೈಗೆ ತಡೆ ಸಿಗುತ್ತದೆ, ಕಿರ್ರೆಂದು ಸದ್ದು ಬರುತ್ತದೆ, ಅಕ್ಷರದ ಸುತ್ತು ಎಲ್ಲಿ ತಿರುಗಬೇಕೆಂದು ಬೆರಳುಗಳು ಕಲಿಯುತ್ತವೆ. ಗಾಜಿನ ಮೇಲೆ ತೋರುಬೆರಳು ಜಾರಿಕೊಂಡು ಹೋಗುತ್ತದೆ. ಸುತ್ತುಗಳೇ ಹೆಚ್ಚಿರುವ ನಮ್ಮ ಲಿಪಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇಷ್ಟಾದರೂ ಟ್ಯಾಬ್ ಪೂರ್ತಿ ಬೇಡವೆಂದು ನಾನು ಹೇಳುವುದಿಲ್ಲ. ಎರಡು ಟ್ಯಾಬ್‌ಗಳನ್ನು ಜೊತೆಗಾರ ಬೆಂಬಲದ ತಟ್ಟೆಯಲ್ಲಿಟ್ಟು, ಇಬ್ಬರಿಗೊಂದರಂತೆ, ಒಬ್ಬ ಓದಿ ಹೇಳುವುದು ಇನ್ನೊಬ್ಬ ಒತ್ತುವುದು ಎಂದು ನಿಯಮ ಮಾಡಿದಲ್ಲಿ ಅವು ಚೆನ್ನಾಗಿ ನಡೆದಿವೆ. ಎರಡೂ ಮಕ್ಕಳ ಬಾಯಿ ಕೆಲಸ ಮಾಡುತ್ತದೆ, ಚಿತ್ರ ಒತ್ತಿ ನಕ್ಷತ್ರ ಗಳಿಸುವ ಕಳ್ಳದಾರಿಗೆ ಜೊತೆಗಾರನೇ ಅಡ್ಡ ನಿಲ್ಲುತ್ತಾನೆ. ಕಣ್ಣು ಮಂಜಾದ, ಕಿವಿ ಸರಿಯಾಗಿ ಕೇಳದ ಮಕ್ಕಳಿರುವ ತರಗತಿಯಲ್ಲಿ ಅಕ್ಷರ ದೊಡ್ಡದು ಮಾಡಬಲ್ಲ, ಹತ್ತಿರದಿಂದ ಕೇಳಿಸಬಲ್ಲ ಟ್ಯಾಬ್ ಅಗತ್ಯದ ವಸ್ತುವೇ ಆಗುತ್ತದೆ. ಅಲ್ಲಿ ಮೇಲಿನ ಯಾವ ಆಕ್ಷೇಪವೂ ನನ್ನದಲ್ಲ.

ಯಾರೂ ಕೇಳದ ಆಯ್ಕೆ

ಹತ್ತು-ಹದಿನೈದು ಸಾವಿರದ ಇಂಕ್‌ಟ್ಯಾಂಕ್ ಪ್ರಿಂಟರ್ ಮತ್ತು ಎರಡು-ಮೂರು ಸಾವಿರದ ಲ್ಯಾಮಿನೇಷನ್ ಯಂತ್ರ. ಇವೂ ತಂತ್ರಜ್ಞಾನವೇ, ಆದರೆ ಯಾವ ದಾನಿಯೂ ತಾನಾಗಿ ಇದನ್ನು ಹೆಸರಿಸಿದ್ದು ನನಗೆ ನೆನಪಿಲ್ಲ. ನಲಿ-ಕಲಿ ಕಾರ್ಡುಗಳು ನೂರಾರು ಕೈಗಳಲ್ಲಿ ಓಡಾಡಿ ಮೂಲೆ ಹರಿಯುತ್ತವೆ, ಒಂದು ಕಾರ್ಡ್ ಕಳೆದರೆ ಏಣಿಯ ಒಂದು ಮೆಟ್ಟಿಲೇ ಇಲ್ಲವಾಗುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಸಿಗುತ್ತವೆ. ಮುಕ್ತ ಪರವಾನಗಿಯಲ್ಲಿರುವುದರಿಂದ ಇಳಿಸಿಕೊಂಡು ಮುದ್ರಿಸಿ ಹಂಚಲು ಅಡ್ಡಿಯಿಲ್ಲ. ಇನ್ನೂ ಮೇಲಿನದು, ಮಕ್ಕಳೇ ಹೇಳಿದ ವಾಕ್ಯಗಳನ್ನು ಶಿಕ್ಷಕಿ ಬೆರಳಚ್ಚು ಮಾಡಿ, ಅವರೇ ಬರೆದ ಚಿತ್ರದ ಜೊತೆ ಮುದ್ರಿಸಿ ಪುಸ್ತಕ ಮಾಡುವುದು. ಪರದೆಗೆ ಹಾಕುವ ದುಡ್ಡಿನಲ್ಲಿ ಇಂಥ ಕಾಗದ ವರ್ಷಗಟ್ಟಲೆ ಬರುತ್ತದೆ. ಕನ್ನಡ ಯೂನಿಕೋಡ್ ಅಕ್ಷರ ಸರಿಯಾಗಿ ಮೂಡುತ್ತದೆಯೇ, ಒತ್ತಕ್ಷರ ಒಡೆಯುತ್ತದೆಯೇ ಎಂದು ಒಂದು ಪುಟ ಮುದ್ರಿಸಿ ನೋಡಿಯೇ ಕೊಳ್ಳಬೇಕು.

ಪರದೆಯ ಹೊತ್ತು

ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ 5ನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದಾಗ ದೊಡ್ಡ ಚರ್ಚೆಯೇ ನಡೆಯಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಅದೇ ಜುಲೈನಲ್ಲಿ ಕೇಂದ್ರ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿ 1ರಿಂದ 8ನೇ ತರಗತಿಗೆ ದಿನಕ್ಕೆ 30–45 ನಿಮಿಷದ ಎರಡು ಅವಧಿ ಮೀರಬಾರದೆಂದಿತು. ಅದು ಮನೆಯಲ್ಲಿ ಕೂತ ಮಕ್ಕಳ ಆನ್‌ಲೈನ್ ತರಗತಿಗೆ ಹಾಕಿದ ಗರಿಷ್ಠ ಮಿತಿ. ಶಾಲೆಯ ಕೊಠಡಿಯಲ್ಲಿ ಅಷ್ಟು ಬಳಸಲೇಬೇಕೆಂಬ ಗುರಿಯಲ್ಲ. ನಲಿ-ಕಲಿಯಲ್ಲಿ ದಿನಕ್ಕೆ ಹತ್ತು-ಹದಿನೈದು ನಿಮಿಷ ಪರದೆ ನನ್ನ ಲೆಕ್ಕದಲ್ಲಿ ಧಾರಾಳವಾಯಿತು.

ಯಾವ ಶಾಲೆಗೆ ಯಾವುದು

ಹದಿನೈದು-ಇಪ್ಪತ್ತು ಮಕ್ಕಳಿರುವ, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಗೆ ಸ್ಪೀಕರ್, ಶಾಲೆಯ ಹೆಸರಿನ ಫೋನ್, ಪ್ರಿಂಟರ್. ಟಿವಿ ಬೇಕಿಲ್ಲ; ಅಷ್ಟು ಮಕ್ಕಳಿಗೆ ಶಿಕ್ಷಕಿ ಪುಸ್ತಕ ಎತ್ತಿ ತೋರಿಸಿದರೆ ಕಾಣುತ್ತದೆ. ನಲಿ-ಕಲಿಗೆ ಎರಡು ಕೊಠಡಿಗಳಿರುವ, ನಲವತ್ತು ಐವತ್ತು ಮಕ್ಕಳ ಹಿರಿಯ ಪ್ರಾಥಮಿಕ ಶಾಲೆಯಾದರೆ ಮೇಲಿನವುಗಳ ಜೊತೆಗೆ ಒಂದು ಟಿವಿ, ಯುಪಿಎಸ್. ಆದರೆ ಟಿವಿ ನಲಿ-ಕಲಿ ಕೊಠಡಿಯಲ್ಲಿರದೆ ಪಕ್ಕದ ಕೊಠಡಿಯಲ್ಲಿರಲಿ, ಬೇಕಾದಾಗ ಮಕ್ಕಳು ಅಲ್ಲಿಗೆ ಹೋಗಿ ಬರಲಿ. ಎದುರಿಗೇ ಇದ್ದರೆ ದಿನವಿಡೀ “ಮಿಸ್, ಟಿವಿ ಹಾಕಿ” ಎಂಬ ಜಪ ತಪ್ಪುವುದಿಲ್ಲ. ದಾನಿಗಳು ಟ್ಯಾಬನ್ನೇ ಕೊಡುತ್ತೇವೆಂದು ಹಟ ಹಿಡಿದರೆ ಎರಡೇ ಸಾಕೆಂದು ಹೇಳಿ, ಉಳಿದ ದುಡ್ಡನ್ನು ಮೂರು ವರ್ಷದ ರಿಪೇರಿಗೆ ಬ್ಯಾಂಕಿನಲ್ಲಿಡಿಸುವುದು ಜಾಣತನ. ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಅಲ್ಲಿಂದ ಸಾಧನ ತರುವುದಕ್ಕಿಂತ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ಕೊಡಿಸಲಿ; ಕೆಟ್ಟಾಗ ಹೊತ್ತುಕೊಂಡು ಹೋಗಲು ಆ ಅಂಗಡಿಯೇ ಗತಿ.

ಹಣ ಕೊಡುವ ಮುನ್ನ ಒಂದು ದಿನದ ಪರೀಕ್ಷೆಗೆ ಒತ್ತಾಯಿಸಿ. ಅದು ಅದೇ ಕೊಠಡಿಯಲ್ಲಿ, ಬಿಸಿಲಿರುವ ಹೊತ್ತಿನಲ್ಲಿ, ಮಕ್ಕಳಿರುವಾಗ, ಇಂಟರ್ನೆಟ್ ಇಲ್ಲದೆ, ಒಮ್ಮೆ ಮೇನ್ ಸ್ವಿಚ್ ಆರಿಸಿಯೂ ನಡೆಯಬೇಕು. ಸಾಧನವನ್ನು ನಡೆಸಬೇಕಾದವರು ನಲಿ-ಕಲಿ ಶಿಕ್ಷಕಿ, ಕಂಪನಿಯ ಹುಡುಗನಲ್ಲ.

ಬಂದ ಮೇಲೆ ಎಲ್ಲಿಡುವುದು ಎಂಬುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಬೇಕು. ಕಳವಿನ ಭಯಕ್ಕೆ ಸಾಧನಗಳು ದಾಸ್ತಾನು ವಹಿಯಲ್ಲಿ ನಮೂದಾಗಿ ಮುಖ್ಯ ಶಿಕ್ಷಕರ ಬೀರು ಸೇರುತ್ತವೆ, ಬೀಗದ ಕೈ ಅವರ ಚೀಲದಲ್ಲಿರುತ್ತದೆ, ಅವರು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಸಭೆಯಲ್ಲಿರುತ್ತಾರೆ. ನಲಿ-ಕಲಿ ಕೊಠಡಿಯಲ್ಲೇ ಗೋಡೆಗೆ ಒಂದು ಬೀಗದ ಪೆಟ್ಟಿಗೆ ಹಾಕಿಸಿ ಇನ್ನೊಂದು ಕೀಲಿಕೈ ಶಿಕ್ಷಕಿಗೆ ಕೊಟ್ಟರೆ ಈ ತೊಡಕು ಮುಗಿಯುತ್ತದೆ. ಏಪ್ರಿಲ್ ಎರಡನೇ ವಾರ ಶಾಲೆ ಮುಚ್ಚುವಾಗ ಫೋನು, ಟ್ಯಾಬು, ಸ್ಪೀಕರುಗಳನ್ನು ಅರ್ಧ ಚಾರ್ಜ್ ಮಾಡಿ ಆರಿಸಿಡಬೇಕು. ಪೂರ್ತಿ ಖಾಲಿಯಾದ ಬ್ಯಾಟರಿ ಮೇ ಕೊನೆಯವರೆಗೆ ಬಿಸಿ ಕೊಠಡಿಯಲ್ಲಿ ಬಿದ್ದಿದ್ದರೆ ಶಾಲೆ ತೆರೆದ ದಿನ ಏಳುವುದೇ ಇಲ್ಲ. ಬೇಸಿಗೆಯಲ್ಲಿ ಅವನ್ನು ಯಾರು ಮನೆಗೆ ಒಯ್ಯುತ್ತಾರೆ ಎಂಬುದನ್ನು ಎಸ್‌ಡಿಎಂಸಿ ನಡಾವಳಿಯಲ್ಲಿ ಹೆಸರು ಹಾಕಿ ಬರೆಸಿಡಿ.